ಫಕೀರವ್ವನ ಬಲಮಂಡಿ

ಕಪ್ಪತಗುಡ್ಡದ ಬುಡ, ೨೧೮೭ನೆಯ ಇಸವಿ, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ.

ನೂರೈವತ್ತು ವರ್ಷ ಹಿಂದೆ, ಸವೆದ ಮಂಡಿಯಲ್ಲಿ ಹೊಸ ಮೃದ್ವಸ್ಥಿ ಬೆಳೆಸಲು ಈಗಷ್ಟೇ ಕಲಿಯುತ್ತಿರುವ ಹಿರಿಯರೇ, ಹದಿಮೂರನೆಯ ತಿಂಗಳೆಂದರೆ ನಿಮಗೆ ನಗು ಬಂದೀತು. ನಮಗೆ ಅದು ರೂಢಿಯಾಗಿ ನಲವತ್ತು ವರ್ಷವಾಯಿತು. ಮುಂದಿನ ಕೆಲವು ಮಾತುಗಳೂ ವಿಚಿತ್ರವೆನಿಸಿದರೆ ಕ್ಷಮಿಸಿ.

ನಾನು ಗುದ್ನೆಪ್ಪ ಬಡಿಗೇರ, ಜಾಲರಿಗಾರ. ಕೀಲಿನೊಳಗೆ ಕೂರಿಸುವ ಜಾಲರಿಯನ್ನು ಎಳೆಎಳೆಯಾಗಿ ಮುದ್ರಿಸುವವನು. ರೋಗಿಯ ಜೀವಕೋಶಗಳು ಅದನ್ನು ಹಿಡಿದು ಬೆಳೆಯುತ್ತವೆ, ಜಾಲರಿ ಮೆಲ್ಲಗೆ ಕರಗುತ್ತದೆ. ಆಮೇಲೆ ತೊಂಬತ್ತು ದಿನ ಕಾಲೂರುವಂತಿಲ್ಲ. ಅದಕ್ಕೆ ಹಸಿಮಂಡಿ ಎನ್ನುತ್ತೇವೆ. ಓಣಿಯವರು ಸರದಿಯಂತೆ ಬಂದು ರೋಗಿಯನ್ನು ಬಚ್ಚಲಿಗೆ, ಬಿಸಿಲಿಗೆ ಎತ್ತಿಕೊಂಡು ಹೋಗುತ್ತಾರೆ, ಬೇಡವೆಂದರೂ ಊರ ಸುದ್ದಿಯನ್ನೆಲ್ಲ ಕಿವಿಗೆ ಸುರಿಯುತ್ತಾರೆ. ಇದಕ್ಕೆಲ್ಲ ಮೊದಲು ಜೊತೆನಡಿಗೆ. ರೋಗಿ ದುಡಿಯುವಾಗ ಭಾರ ಮಂಡಿಯಲ್ಲಿ ಎಲ್ಲಿ ಬೀಳುತ್ತದೆಂದು ಜಾಲರಿಗಾರ ಮೂರು ದಿನ ಪಕ್ಕದಲ್ಲೇ ಇದ್ದು ನೋಡಬೇಕು. ಯಂತ್ರ ತೆಗೆದ ಚಿತ್ರ ಮಲಗಿದ ಮಂಡಿಯನ್ನಷ್ಟೇ ತೋರಿಸುತ್ತದೆ.

ಫಕೀರವ್ವ ಗುಡ್ಡದ ಗಾಳಿಯಂತ್ರಗಳ ಗೋಪುರ ಹತ್ತಿ ರೆಕ್ಕೆ ರಿಪೇರಿ ಮಾಡುವವಳು. ಅವಳೊಡನೆ ನಾನೂ ಇನ್ನೂರು ಮೆಟ್ಟಿಲು ಹತ್ತಬೇಕಿತ್ತು. ಎತ್ತರವೆಂದರೆ ನನಗೆ ಭಯ, ಹೇಳಿಕೊಳ್ಳಲು ನಾಚಿಕೆ. ಅವಳು ನೋವು ನುಂಗಿಕೊಂಡು ಮೂರು ದಿನವೂ ಹತ್ತಿದಳು. ನಾನು ಕೆಳಗೇ ನಿಂತೆ. ಇಷ್ಟು ನೋಡಿದರೆ ಸಾಕು ಎಂದೆ, ನಂಬಿದಳು. ಜೊತೆನಡಿಗೆಯ ಕಾಗದದಲ್ಲಿ ಮಾತ್ರ ಹತ್ತಿ ನೋಡಿದ್ದೇನೆಂದು ಬರೆದು ರುಜು ಹಾಕಿದೆ.

ಈಗ ಫಕೀರವ್ವ ನೆಲದ ಮೇಲೆ ಚೆನ್ನಾಗಿಯೇ ನಡೆಯುತ್ತಾಳೆ. ಮೆಟ್ಟಿಲೇರಿದರೆ ಮಂಡಿ ಕುಸಿಯುತ್ತದೆ. ಬೇರೆಯವರು ಮೇಲೆ ಹೋಗುವಾಗ ಅವರ ಹಗ್ಗ ಕಟ್ಟಿಕೊಟ್ಟು ಕೂರುತ್ತಾಳೆ. ಹೋದ ತಿಂಗಳು ನನ್ನಲ್ಲಿಗೆ ಬಂದು, “ತಪ್ಪು ನಂದ ಐತ್ರಿ, ಗುದ್ನೆಪ್ಪಣ್ಣ. ಎಂಬತ್ತನೇ ದಿನಾ ಒಂದ ಸಲ ಕಾಲ ಊರಿದ್ದೆ. ನಿಮ್ಮ ಕೆಲಸಾನೂ ಕೆಡಿಸಿಬಿಟ್ನಿ, ಸಿಟ್ಟಾಗಬ್ಯಾಡ್ರಿ” ಎಂದಳು. ನಾನು ದೊಡ್ಡ ಮನಸ್ಸಿನವನಂತೆ “ಇರಲಿ ಬಿಡವ್ವಾ” ಎಂದೆ. ನಾನು ಅವಳನ್ನು ಕ್ಷಮಿಸಿದೆ! ಮೆಟ್ಟಿಲಲ್ಲಿ ಭಾರ ಎಲ್ಲಿ ಬೀಳುತ್ತದೆಂದು ನೋಡದೆ ಜಾಲರಿ ಮುದ್ರಿಸಿದವನು ನಾನು.

ನಮ್ಮ ಕಟ್ಟಳೆ ಹೀಗಿದೆ: ರೋಗಿಯ ತಪ್ಪಾದರೆ ಎರಡನೆಯ ಜಾಲರಿ ಇಲ್ಲ. ಜಾಲರಿಗಾರನ ತಪ್ಪಾದರೆ, ಜಾಲರಿ ಕೂರಿಸಿ ವರ್ಷ ತುಂಬುವುದರೊಳಗೆ ಇನ್ನೊಬ್ಬರು ಮಾಡಿಕೊಡುತ್ತಾರೆ, ತಪ್ಪಿತಸ್ಥ ಮತ್ತೆಂದೂ ಮುದ್ರಣಯಂತ್ರ ಮುಟ್ಟುವಂತಿಲ್ಲ. ಅವಳ ವರ್ಷ ತುಂಬಲು ಇನ್ನು ಒಂಬತ್ತು ದಿನ.

ನಿಮ್ಮಲ್ಲಿ ಒಂದು ಬೇಡಿಕೆ. ಈ ವಿದ್ಯೆಗೆ ನಿಯಮ ಬರೆಯುವಾಗ, ಜೊತೆನಡಿಗೆಯ ಕಾಗದಕ್ಕೆ ರೋಗಿಯಿಂದಲೇ ರುಜು ಹಾಕಿಸಿ. ನನ್ನಂಥವರ ಕೈಗೆ ಅದನ್ನು ಬಿಡಬೇಡಿ.

ನೂರೈವತ್ತು ವರ್ಷ ಹಿಂದಿರುವ ನಿಮಗೆ ಎಲ್ಲವನ್ನೂ ಹೇಳಿಬಿಟ್ಟೆ. ಫಕೀರವ್ವನ ಮನೆ ನಮ್ಮ ಮನೆಯಿಂದ ನಾಲ್ಕನೆಯದು, ಅಲ್ಲಿಗೆ ಇನ್ನೂ ಹೋಗಿಲ್ಲ.