ನೀಲಾಳ ಕೈ

ಚನ್ನಪಟ್ಟಣ
೧೨ ನವೆಂಬರ್ ೧೯೨೮

ಪ್ರೀತಿಯ ಗಿರಿಜಾಂಬಾ,

ಮಾಗಡಿಯ ಚಳಿಗೆ ನಿನ್ನ ಕೆಮ್ಮು ಹೇಗಿದೆ? ಕಷಾಯ ಬಿಡಬೇಡ. ನಾನು ಕ್ಷೇಮ, ಊಟದ ರುಚಿ ಮಾತ್ರ ಕೇಳಬೇಡ, ಅಡುಗೆ ನನ್ನದು. ಈ ಕಾಗದವನ್ನು ನಿನ್ನಣ್ಣನಿಂದ ಓದಿಸಬೇಡ. ಮಗಳು ನೀಲಾ ಕಲಿಸಿದ ಅಕ್ಷರ ಕೂಡಿಸಿಕೊಂಡು ನೀನೇ ಓದು.

ನೀಲಾ ಕೈ ತೊಳೆಯುವುದು ನಿಂತಿಲ್ಲ. ನಮ್ಮ ಕೂಸನ್ನು ಮಣ್ಣು ಮಾಡಿ ನೀನು ತವರಿಗೆ ಹೋದ ಮೇಲೆ ಹೆಚ್ಚೇ ಆಗಿದೆ. ಹದಿನಾಲ್ಕು ತುಂಬಿದ ಹುಡುಗಿಗೆ ಮುದುಕಿಯ ಬೆರಳು, ಸಂದಿಯೆಲ್ಲ ಒಡೆದು ರಕ್ತ. ಅಂಗಡಿಯಲ್ಲಿ ರೇಷ್ಮೆಗೂಡು ತೂಗುವಾಗಲೂ ನನ್ನ ಕಿವಿಯಲ್ಲಿ ಬಚ್ಚಲ ನೀರು. ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಹಾಕಿದ್ದೇನೆ; ಆದರೂ ಅದಿದ್ದ ಜಾಗವನ್ನು ಅವಳು ಬಳಸಿಕೊಂಡು ನಡೆಯುತ್ತಾಳೆ, ಯಾರೋ ಮಲಗಿರುವ ಹಾಗೆ. ಈಚೆಗೆ ನಾನೂ ಹಾಗೇ ನಡೆಯುತ್ತಿದ್ದೇನೆ.

ಕಲ್ಕತ್ತೆಯಲ್ಲಿ ಮನಸ್ಸಿನ ವೈದ್ಯ ಕಲಿತ ಮುನಿಶಾಮಯ್ಯನವರು ಬೆಂಗಳೂರಿನಲ್ಲಿದ್ದಾರೆ. ವಾರವಾರ ರೈಲಿನಲ್ಲಿ ಅವಳನ್ನು ಕರೆದೊಯ್ಯುತ್ತೇನೆ. ನಾಡಿ ಹಿಡಿಯುವುದಿಲ್ಲ, ಔಷಧಿ ಕೊಡುವುದಿಲ್ಲ. ಅವಳ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು, ಮನಸ್ಸಿಗೆ ಬಂದದ್ದು ಹೇಳಮ್ಮ ಎನ್ನುತ್ತಾರೆ. ಮಾತು ಮಾರಿ ಮೇಲೆ ಬಂದವನು ನಾನು. ಮಾತು ಕೊಳ್ಳುವವರನ್ನು ಈಗಲೇ ಕಂಡದ್ದು. "ಕೈ ತೊಳ್ಯೋದ ನಿಲ್ಸಿ ಸ್ವಾಮಿ ಅಂದ್ರೆ ಕತೆ ಕೇಳ್ಕಂಡು ಕುಂತಿದ್ದೀರಲ್ಲ" ಅಂದೆ. "ಕೊಳೆ ಕೈಯಲ್ಲಿಲ್ಲ ಯಜಮಾನ್ರೇ. ಎಲ್ಲಿದೆ ಅಂತ ಹುಡುಕ್ತಿದ್ದೀನಿ" ಅಂದರು.

ಮೊನ್ನೆ ಸಿಕ್ಕಿತು. ಹೋದ ವರ್ಷ ಅವಳು ಕೈ ತೊಳೆಯದೆ ರೇಷ್ಮೆಯ ಹುಳುಮನೆಗೆ ಹೋಗಿ ಸೊಪ್ಪು ಹಾಕಿದ್ದಳು. ಹುಳಕ್ಕೆ ಹಾಲುರೋಗ ಬಂದು ಎಲ್ಲ ಸತ್ತಾಗ ನೀನು, "ನೀನ್ ಮುಟ್ಟಿದ್ದು ಒಂದೂ ಉಳಿಯಾಕಿಲ್ಲ ಕಣೇ" ಅಂದೆ. ಹುಳ ಸಾಕುವ ಮನೆಯಲ್ಲಿ ಸಿಟ್ಟಿಗೆ ಯಾರಾದರೂ ಅನ್ನುವ ಮಾತು. ಅವಳು ನಂಬಿಬಿಟ್ಟಳು. ಆಮೇಲೆ ಕೂಸು ಹುಟ್ಟಿತು, ಅದನ್ನು ನೋಡಿಕೊಳ್ಳಲು ಅವಳ ಶಾಲೆ ಬಿಡಿಸಿದೆವು. ವಾಪಸು ಬರುವಾಗ ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು: "ಈ ಕೂಸು ಇಲ್ದಿದ್ರೆ ಇಸ್ಕೂಲಿಗೆ ಓಯ್ತಿದ್ದೆ ಅಂದ್ಕಂಡೆ ಅಪ್ಪಯ್ಯ. ಅಂದ್ಕಂಡು, ಅದೇ ಕೈಲಿ ತೊಟ್ಲು ತೂಗ್ದೆ." ಜ್ವರ ಬಂದು ತೀರಿಹೋದ ಕೂಸನ್ನು ತಾನೇ ಕೊಂದೆನೆಂದು ತಿಳಿದಿದ್ದಾಳೆ. ಅಂದುಕೊಂಡದ್ದು ಬೇರೆ, ಮಾಡಿದ್ದು ಬೇರೆ ಎಂದು ಅವಳ ಒಳಮನಸ್ಸು ಒಪ್ಪಲು ಕಾಲ ಬೇಕಂತೆ, ಮುನಿಶಾಮಯ್ಯನವರ ಮಾತು.

ಅತ್ತೆಯವರಿಗೆ ಶರಣು, ಅಣ್ಣನ ಮಕ್ಕಳಿಗೆ ಆಶೀರ್ವಾದ. ಶಿವ ನಿನ್ನನ್ನು ಕಾಯಲಿ.

ನಿನ್ನ,
ವೃಷಭೇಂದ್ರಪ್ಪ

ವಿ.ಸೂ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ನೀನು ಮತ್ತೆ ಬಸುರಿಯೆಂದೂ, ಹೆತ್ತ ಮೇಲೆ ಮಗುವನ್ನು ನೀಲಾ ಇರುವ ಮನೆಗೆ ತರುವುದಿಲ್ಲ ಎಂದೆಯೆಂದೂ ನಿನ್ನಣ್ಣ ಹೇಳಿಕಳಿಸಿದ್ದಾನೆ. ಅವಳಿಗೆ ನಾನು ಹೇಳಿಲ್ಲ. ನೀನೇ ಬಂದು ಹೇಳು. ಹೇಳಿ, ಅವಳ ಕೈ ಹಿಡಿದು ನಿನ್ನ ಹೊಟ್ಟೆಯ ಮೇಲೆ ಇಟ್ಟುಕೊ. ಹೆದರಿಕೆಯಾದರೂ ಇಟ್ಟುಕೊ. ನನಗೂ ಆಗುತ್ತಿದೆ.