ಪಕ್ಕಪಕ್ಕ, ತಲಾ ಮುನ್ನೂರು ಪಿಕ್ಸೆಲ್

ಜೂನ್ 3, ಬೆಳಿಗ್ಗೆ 9:40

ಮತ್ತೆ ಅದೇ ಪೇಜ್. ಅಪ್ಪ–ಚಿಕ್ಕಪ್ಪನ ಬಾಗಿಲು-ಕಿಟಕಿ ವರ್ಕ್‌ಶಾಪ್‌ನ ವೆಬ್‌ಸೈಟ್. ಬೇರೆಯವರದೆಲ್ಲ ನೆಟ್ಟಗೆ ಮಾಡಿಕೊಡುವ ನನಗೆ ಮನೆಯವರದೇ ತಲೆನೋವು. ಇಬ್ಬರ ಫೋಟೋ ಪಕ್ಕಪಕ್ಕ ಬರಬೇಕು. ಚಿಕ್ಕಪ್ಪನದು ಅದೊಂದೇ ಷರತ್ತು.

"ಒಬ್ಬರ ಮೇಲೊಬ್ರು ಬೇಡಮ್ಮ. ಇಪ್ಪತ್ತಾರು ವರ್ಷ ಜೊತೇಲಿ ದುಡಿದಿದೀವಿ, ಅದು ಕಾಣ್ಲಿ."

ಅವರು ಮಾಡಿದ ಪ್ರತಿ ಬಾಗಿಲಿನ ಕೆಳ ಅಂಚಿನಲ್ಲಿ, ಯಾರಿಗೂ ಕಾಣದ ಕಡೆ, ಎರಡು ಪೆನ್ಸಿಲ್ ಗೀಟು ಇರುತ್ತದೆ. ಒಂದು ಅಪ್ಪನದು, ಪಕ್ಕದಲ್ಲಿ ಚಿಕ್ಕಪ್ಪನದು. ಎರಡೂ ಬೀಳದೆ ಬಾಗಿಲು ಹೊರಗೆ ಹೋಗುವುದಿಲ್ಲ.

ತಲಾ ಮುನ್ನೂರು ಪಿಕ್ಸೆಲ್ ಕೊಟ್ಟೆ. ನನ್ನ ಮಾನಿಟರ್‌ನಲ್ಲಿ ಚೆನ್ನಾಗಿ ಕೂತಿವೆ. ಅಪ್ಪನಿಗೆ ಲಿಂಕ್ ಕಳಿಸಿದೆ. "ಸರಿ ಇದೆ, ಬಿಡು" ಅಂತ ಉತ್ತರ. ಸೈಟ್ ಎಲ್ಲರಿಗೂ ಕಾಣುವಂತೆ ಬಿಟ್ಟೆ.

ಜೂನ್ 5, ಮಧ್ಯಾಹ್ನ 1:15

ಸೈಟ್ ಬಿಟ್ಟು ಎರಡು ದಿನವಾಗಿದೆಯಷ್ಟೇ — ಚಿಕ್ಕಪ್ಪನ ಫೋನ್. ಆಫೀಸಿನ ಮೆಟ್ಟಿಲ ಮೇಲೆ ನಿಂತು ಬೈಸಿಕೊಂಡೆ.

"ನನ್ನನ್ನ ನಿಮ್ಮಪ್ಪನ ಕಾಲ ಕೆಳಗೆ ಹಾಕಿದೀಯಲ್ಲ. ಅಣ್ಣನೇ ಹೇಳಿದ್ದಾ?"

"ಇಲ್ಲ ಚಿಕ್ಕಪ್ಪ, ಪಕ್ಕಪಕ್ಕಾನೇ ಇದೆ..."

"ನನಗೇನು ಕಣ್ಣಿಲ್ವಾ?"

ಫೋನಿನಲ್ಲಿ ತೆರೆದೆ. ಕಣ್ಣಿಲ್ಲದವಳು ನಾನೇ. ಆರುನೂರು ಪಿಕ್ಸೆಲ್‌ಗೆ ಫೋನಿನಲ್ಲಿ ಜಾಗವೆಲ್ಲಿ? ಎರಡನೆಯ ಫೋಟೋದ ಚೌಕ ಕೆಳಗೆ ಜಾರಿದೆ. ಮೇಲೆ ನಗುತ್ತ ನಿಂತ ಅಪ್ಪ, ಅವರ ಚಪ್ಪಲಿಯ ಕೆಳಗೆ ಚಿಕ್ಕಪ್ಪನ ತಲೆ. ನಿನ್ನೆ ಸೇರಿದ ಟ್ರೇನಿ ಕೂಡ ಮಾಡದ ತಪ್ಪು. ಥೂ!

ಹತ್ತು ನಿಮಿಷ ಸಾಕಾಯಿತು. ಎರಡನ್ನೂ ಒಂದು ಡಬ್ಬಿಯೊಳಗೆ ಹಾಕಿ, ಪಕ್ಕಪಕ್ಕ ಕೂರಿಸುವ ಫ್ಲೆಕ್ಸ್ ಕೋಡ್ ಕೊಟ್ಟೆ. ಅಗಲ ಅರ್ಧರ್ಧ. ಕೆಳಗೆ ಜಾರಕೂಡದು ಅಂತ ಇನ್ನೊಂದು ಸಾಲು. ಪೇಜ್‌ನ ಸಿಎಸ್‌ಎಸ್ ಕೋಡ್ ನನ್ನ ಮಾತು ಕೇಳಿತು. ಚಿಕ್ಕಪ್ಪ ಕೇಳಲಿಲ್ಲ.

ಜೂನ್ 6, ಸಂಜೆ 7

ಚಿಕ್ಕಪ್ಪ ಉಳಿ, ಗರಗಸ ಎಲ್ಲ ಚೀಲಕ್ಕೆ ತುಂಬಿಕೊಂಡು ಹೋದರಂತೆ. ಬೇರೆ ವರ್ಕ್‌ಶಾಪ್ ಹಾಕುತ್ತಾರಂತೆ. ವರ್ಕ್‌ಶಾಪ್‌ನಲ್ಲಿ ಅಪ್ಪನ ಗೀಟು ಮಾತ್ರ ಇರುವ ಬಾಗಿಲೊಂದು ಗೋಡೆಗೆ ಒರಗಿಕೊಂಡಿದೆ.

"ಒಂದು ಫೋನ್ ಮಾಡಿ ಅಪ್ಪ."

"ಅವನಿಗೆ ಕೋಪ ಮೂಗಿನ ತುದೀಲೇ. ನೋಡೋಣ."

ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ! ಸಿಟ್ಟು ನೆತ್ತಿಗೇರಿ ನಾನೇ ಚಿಕ್ಕಪ್ಪನ ಮನೆಗೆ ಹೋದೆ. ಚಿಕ್ಕಮ್ಮ ಬಾಗಿಲು ತೆರೆದು ಒಳಗೆ ಹೋದರು.

"ತಪ್ಪು ನನ್ನದು ಚಿಕ್ಕಪ್ಪ. ಅಪ್ಪ ಅದನ್ನ ನೋಡೇ ಇರ್ಲಿಲ್ಲ. ನನ್ನಾಣೆ."

ಚಿಕ್ಕಪ್ಪ ನನ್ನ ಮುಖ ನೋಡಿದರು. "ನೀನು ಸುಳ್ಳು ಹೇಳೋಳಲ್ಲ" ಅಂದರು, ಅಷ್ಟೇ. ಮನೆಗೆ ಬಂದು ಆಣೆಯ ವಿಷಯ ಅಪ್ಪನಿಗೆ ಹೇಳಿದೆ. "ಹೂಂ" ಅಂದರು.

ಜೂನ್ 9

ಅತ್ತೆಯ ಫೋನ್. ಇಬ್ಬರಿಗೂ ಅಕ್ಕ. ಸೈಟ್ ಹೊಗಳಿದರು. ಆಮೇಲೆ —

"ಸೈಟ್ ಬಿಡೋಕೆ ಮುಂಚೇನೇ ನಿಮ್ಮಪ್ಪ ತನ್ನ ಫೋನಿಂದ ಸ್ಕ್ರೀನ್‌ಶಾಟ್ ಕಳ್ಸಿದ್ದ. 'ಈಗ ಸರಿಯಾಗಿದೆ ನೋಡಕ್ಕ, ದೊಡ್ಡವನು ಮೇಲೆ, ಚಿಕ್ಕವನು ಕೆಳಗೆ' ಅಂತ."

ಓಹೋ. "ಸರಿ ಇದೆ, ಬಿಡು."

ನೋಡಿದ್ದರು! ನೋಡಿ ಖುಷಿಪಟ್ಟು, ನನ್ನ ಪೆದ್ದುತನದ ಹಿಂದೆ ಅಡಗಿ ಕೂತರು. ಆಣೆಯ ವಿಷಯ ಹೇಳಿದಾಗಲೂ ಬರೀ "ಹೂಂ". ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಜೂನ್ 12, ಬೆಳಿಗ್ಗೆ 11

ವರ್ಕ್‌ಶಾಪ್‌ನ ಗಾಜಿನ ಕೋಣೆ. ಅಪ್ಪನ ಜೊತೆ ಜಗಳವಾಡಲೆಂದೇ ರಜೆ ಹಾಕಿ ಬಂದೆ. ಬಂದು ನೋಡಿದರೆ ಚಿಕ್ಕಪ್ಪ! ಅವರ ಚೀಲ ಮತ್ತೆ ತನ್ನ ಹಳೇ ಮೊಳೆಗೆ ನೇತಾಡುತ್ತಿತ್ತು.

"ನಿನ್ನ ಮಾತು ನಂಬಿ ಬಂದೆ ಕಣಮ್ಮ. ಅಣ್ಣ ನೋಡಿರ್ಲಿಲ್ಲ ತಾನೆ? ಇವನ ಎದುರಿಗೆ ಇನ್ನೊಂದ್ಸಲ ಹೇಳ್ಬಿಡು, ಗೀಟು ಹಾಕ್ತೀನಿ."

ಹಲಗೆ ನಯ ಮಾಡುತ್ತಿದ್ದ ಅಪ್ಪನ ಉಜ್ಜುಗೊರಡು ನಿಂತಿತು. ಅವರು ಹೇಳಲಿ ಅಂತ ಕಾದೆ. ಹೇಳಲಿಲ್ಲ.

"ನೋಡಿರ್ಲಿಲ್ಲ" ಅಂದೆ.

ಅಪ್ಪ ನನ್ನ ಕಡೆ ನೋಡಿ ತಲೆದೂಗಿದರು. ಭೇಷ್ ಅನ್ನುವ ಹಾಗೆ! ಮೈಯೆಲ್ಲ ಉರಿದುಹೋಯಿತು. ಲ್ಯಾಪ್‌ಟಾಪ್ ನೆಪ ಹೇಳಿ ಇಲ್ಲಿ ಬಂದು ಕೂತಿದ್ದೇನೆ.

ಗಾಜಿನಾಚೆ ಇಬ್ಬರೂ ಒಂದೇ ಗೀಟಿನ ಆ ಬಾಗಿಲನ್ನು ಎತ್ತಿ ಬೆಂಚಿನ ಮೇಲೆ ಮಲಗಿಸಿದರು. ನಿಜ ಹೇಳಿದರೆ ವರ್ಕ್‌ಶಾಪ್ ಎರಡಾಗುತ್ತದೆ. ಆದರೆ ಆಗಲಿ! ಇಲ್ಲ, ಆಗಬಾರದು... ಆದರೆ ಇವರಿಬ್ಬರು ಇನ್ನು ಮುಂದೆ ಮಾಡುವ ಒಂದೊಂದು ಬಾಗಿಲೂ ನನ್ನ ಸುಳ್ಳಾಣೆಯ ಮೇಲೆ ನಿಲ್ಲಬೇಕಾ? ಅಪ್ಪ ತಲೆದೂಗುತ್ತಾ ಇರಬೇಕಾ?

ಚಿಕ್ಕಪ್ಪ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದರು. ಬಗ್ಗಿದರು.

ನಿಜ ಗೊತ್ತಾಗದೆ ಆ ಗೀಟು ಬೀಳಬಾರದು; ಬರೆಯುತ್ತಲೇ ಎಡಗೈಯಲ್ಲಿ ಗಾಜು ಬಡಿಯುತ್ತಿದ್ದೇನೆ. ಚಿಕ್ಕಪ್ಪ ತಲೆ ಎತ್ತಿದರು. ಅಪ್ಪನೂ —