ಮೂರನೆಯ ಸಂಪುಟದೊಳಗಿನ ಚೀಟಿ

ಆಲ್ಟೋನಾ
ಸೋಮವಾರ, ೯ ಮೇ ೧೮೮೧

ಪ್ರೀತಿಯ ಡೆಟ್ಲೆಫಣ್ಣ,

ಕೆಲಸಗಾರರಿಗೆ ಕಾದಂಬರಿ ಓದಿ ಹೇಳಿದ್ದಕ್ಕೆ ನಿನ್ನನ್ನು ಪೊಲೀಸರು ಊರು ಬಿಡಿಸಿದ್ದು ಅನ್ಯಾಯ. ಆರು ತಿಂಗಳು ಕಳೆದರೂ ಇದನ್ನು ಬರೆಯದೆ ನನ್ನ ಲೇಖನಿ ಮುಂದೆ ಹೋಗುವುದಿಲ್ಲ. ನಿನ್ನ ಕೆಮ್ಮು ಹೇಗಿದೆ? ಸ್ಟಾಡೆಯಲ್ಲಿ ಹೊಗೆಸೊಪ್ಪಿನ ಧೂಳು ಇಲ್ಲಿಗಿಂತ ಕಡಿಮೆಯೇ? ಅಮ್ಮ ಆರೋಗ್ಯವಾಗಿದ್ದಾಳೆ. ಶುಕ್ರವಾರ ನೀನು ಕದ್ದು ಬರುತ್ತೀಯೆಂದು ಈಗಲೇ ನಿನ್ನ ಹಾಸಿಗೆ ಬಿಸಿಲಿಗೆ ಹಾಕಿದ್ದಾಳೆ.

ಕಾರ್ಖಾನೆಯಲ್ಲಿ ಓದು ನಿಂತಿಲ್ಲ. ಒಬ್ಬರು ಓದುತ್ತಾರೆ, ಉಳಿದವರು ಚುಟ್ಟಾ ಸುತ್ತುತ್ತ ಕೇಳುತ್ತಾರೆ, ಓದುವವರ ಪಾಲಿನದನ್ನೂ ಸುತ್ತಿಕೊಡುತ್ತಾರೆ. ನೀನು ಕಲಿಸಿದಂತೆ ಪ್ರತಿ ಅಧ್ಯಾಯದ ಕೊನೆಗೆ, ಕಥೆಯಲ್ಲಿ ಇವರು ಉಂಡ ಊಟ ಬೇಯಿಸಿದವರು ಯಾರು, ಅವರನ್ನು ಲೇಖಕ ಎಲ್ಲಿ ಬಚ್ಚಿಟ್ಟ ಎಂದು ಕೇಳಿಕೊಳ್ಳುತ್ತೇವೆ. ಈಗ ನಡೆದಿರುವುದು ನೇಕಾರರ ಕಾದಂಬರಿ. ಅದರಲ್ಲಿ ಗಿರಣಿ ಮಾಲೀಕನ ಹೆಂಡತಿ ಬಂಡೆದ್ದವರ ಹೆಸರುಗಳನ್ನು ಗಂಡನಿಗೆ ಹೇಳದೆ ಮುಚ್ಚಿಡುತ್ತಾಳೆ. ಇಂಥ ಹೆಂಗಸು ಕಾಗದದ ಮೇಲೆ ಮಾತ್ರ ಹುಟ್ಟುತ್ತಾಳೆ, ನಮ್ಮ ಕೋಪ ಆರಿಸಲು ಅವಳ ಕಣ್ಣೀರು ಎಂದು ನಾನು ಸಿಡಿದೆ. ಪಕ್ಕದ ಮೇಜಿನ ಗೆಶೆ ಅಜ್ಜಿ ಬಿಡುತ್ತಾಳೆಯೇ? “ಸುಮ್ನಿರೇ ವೀಬ್ಕೆ! ನಿನ್ನ ಕರಪತ್ರದಲ್ಲಿ ಒಬ್ರೂ ಅಳಲ್ಲ, ಅದಕ್ಕೇ ಅದನ್ನ ಕೇಳ್ತಾ ಕೇಳ್ತಾ ನಂಗೆ ನಿದ್ದೆ ಬರುತ್ತೆ” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದೇ ನನ್ನ ಕೊನೆಯ ನಗು, ಅಣ್ಣ.

ಯಾವ ದಿನ ಯಾರು ಓದಬೇಕೆಂಬ ಚೀಟಿ ಬರೆದವಳು ನಾನು. ಹನ್ನೊಂದು ಹೆಸರು, ಕೊನೆಗೆ ‘ಶುಕ್ರವಾರ, ಕೊನೆಯ ಅಧ್ಯಾಯ, ಡೆಟ್ಲೆಫ್.’ ಗುರುತಿಗೆಂದು ಅದನ್ನು ಆ ಕಾದಂಬರಿಯ ಮೂರನೆಯ ಸಂಪುಟದ ಕೊನೆಯ ಅಧ್ಯಾಯದಲ್ಲಿ ಇಟ್ಟಿದ್ದೆ. ಶನಿವಾರ ವಾಯಿದೆ ಮುಗಿಯಿತೆಂದು ಪುಸ್ತಕವನ್ನು ವಾಚನಾಲಯಕ್ಕೆ ಹಿಂತಿರುಗಿಸಿದೆ, ಚೀಟಿಯ ಸಮೇತ! ನೆನಪಾಗಿ ಇಂದು ಬೆಳಿಗ್ಗೆ ಓಡಿದರೆ ಅಲ್ಲಿಯ ಮುದುಕ, “ಆಗ್ಲೇ ಹೋಯ್ತಲ್ಲಮ್ಮ. ಪೊಲೀಸ್ ಅಧಿಕಾರಿಗಳ ಮನೆಯವ್ರು ತಗೊಂಡ್ರು. ಕೊನೇಲಿ ಏನಾಗುತ್ತೋ ಅಂತ ಅವ್ರಿಗೆ ತಳಮಳ” ಎಂದ.

ಆಗಿನಿಂದ, ಅಂದರೆ ಬೆಳಗಿನಿಂದ, ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ಎಲೆ ಕತ್ತರಿಸುವ ಚಾಕು ಕೈಯಿಂದ ಜಾರುತ್ತದೆ. ಎರಡು ಬೆರಳು ಕೊಯ್ದುಕೊಂಡಿದ್ದೇನೆ. ಅಮ್ಮನಿಗೆ ಹೇಳಿಲ್ಲ. ಆ ಅಧಿಕಾರಿಯ ಹೆಂಡತಿ ಎಷ್ಟನೇ ಪುಟದಲ್ಲಿದ್ದಾಳೋ ಎಂದು ಲೆಕ್ಕ ಹಾಕುತ್ತೇನೆ. ಆ ಕಾಗದದ ಹೆಂಗಸು ಒಬ್ಬಳಾದರೂ ನಿಜವಾಗಿರಲಿ ಎಂದು, ಚರ್ಚಿಗೂ ಹೋಗದ ನಾನು ಬೇಡಿಕೊಳ್ಳುತ್ತಿದ್ದೇನೆ. ಕ್ಷಮಿಸು. ಇದನ್ನು ನಿನಗೆ ತಲುಪಿಸುವ ದೋಣಿಯವನು ನಾಳೆ ಹೊರಡುವವರೆಗೆ ಕಾಗದ ಮುಚ್ಚದೆ ಇಟ್ಟಿರುತ್ತೇನೆ.

ಅಮ್ಮನ ಆಶೀರ್ವಾದ, ಗೆಶೆ ಅಜ್ಜಿಯ ಬೈಗುಳ, ಎರಡೂ ನಿನಗೇ.

ನಿನ್ನ ತಂಗಿ
ವೀಬ್ಕೆ

ಮಂಗಳವಾರ, ಅವಸರದಲ್ಲಿ: ಪುಸ್ತಕ ಮರಳಿ ಬಂದಿದೆ. ಕೊನೆಯ ಅಧ್ಯಾಯದ ಹಾಳೆಗಳು ಕಣ್ಣೀರು ಬಿದ್ದು ಮುದುಡಿವೆ. ಚೀಟಿ ಮಾತ್ರ ಇಲ್ಲ. ಅತ್ತವಳು ಅದನ್ನು ಒಲೆಗೆ ಹಾಕಿದಳೋ, ಗಂಡನ ಕೈಗೆ ಕೊಟ್ಟಳೋ ಗೊತ್ತಿಲ್ಲ. ಶುಕ್ರವಾರ ಬರಬೇಡ, ಯಾರು ಕರೆದರೂ ಬರಬೇಡ. ಚೀಟಿಯಲ್ಲಿರುವ ಉಳಿದ ಹತ್ತು ಜನರಿಗೂ ನಾನೇ ಹೇಳುತ್ತೇನೆ. ನಾನು ಜೈಲಿನ ಹೊರಗಿದ್ದರೆ ಪುಸ್ತಕ ಹಿಡಿದು ಬರುತ್ತೇನೆ: ನದಿಯ ಆಚೆ, ಕ್ರಾನ್ಸ್ ದೋಣಿಕಟ್ಟೆ, ಭಾನುವಾರ ಹದಿನೈದನೇ ತಾರೀಖು, ಬೆಳಿಗ್ಗೆ ಹನ್ನೊಂದು ಗಂಟೆಗೆ.